ಅಂಟಿಸಿಟ್ಟ ಎರಡು ಪುಟ

ಆ ತಾಲ್ಲೂಕು ಕಚೇರಿಯಲ್ಲಿ ನನಗೆ ಬೀಗದ ಕೈ ಕೊಟ್ಟರು, ಕುರ್ಚಿ ಕೊಡಲಿಲ್ಲ. ಹಳೆಯ ಕಾಗದಪತ್ರಗಳ ಖೋಲಿಯನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತ ನನ್ನ ಆದೇಶಪತ್ರವನ್ನು ಎರಡು ಸಲ ಓದಿದ. ಆಮೇಲೆ ಅದನ್ನು ತಿರುವಿ ಹಿಂದಿನ ಖಾಲಿ ಬದಿಯನ್ನೂ ನೋಡಿದ.

“ಮ್ಯಾಲಿನವ್ರಿಗೆ ಗಂಡಮಕ್ಕಳು ಯಾರೂ ಸಿಗಲಿಲ್ಲೇನ್ರಿ?” ಎಂದು ಕೇಳಿದ.

“ಮೋಡಿ ಓದೋ ಗಂಡಮಕ್ಕಳು ಸಿಗಲಿಲ್ಲಂತ್ರಿ,” ಎಂದೆ.

ಆ ಉತ್ತರ ಕೊಡಬಾರದಿತ್ತು. ಅಲ್ಲಿದ್ದ ಅಷ್ಟೂ ವಾರ ಆತ ಅದನ್ನು ಮರೆಯಲಿಲ್ಲ.

ಅದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಮುಂಬಯಿ ಸರಕಾರದ ಕಾಲದಲ್ಲಿ ನಮ್ಮ ಕಡೆ ತಾಲ್ಲೂಕಿಗೊಂದು ಲೋಕಲ್ ಬೋರ್ಡು ಇರುತ್ತಿತ್ತು. ಹಾದಿ, ಬಾವಿ, ಕೆರೆ, ಶಾಲೆ, ದನದ ದೊಡ್ಡಿ ಇವೆಲ್ಲ ಆ ಬೋರ್ಡಿನ ಸಭೆಯ ಕೈಯಲ್ಲಿದ್ದವು. ಬೋರ್ಡುಗಳು ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಅವುಗಳ ನಡಾವಳಿ ಪುಸ್ತಕಗಳು ಕಚೇರಿಗಳ ಹಿಂದಿನ ಕತ್ತಲೆ ಖೋಲಿಗಳಲ್ಲಿ ಬಿದ್ದಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಕಡೆ ಹೋಗಿ ಆ ಪುಸ್ತಕಗಳ ಯಾದಿ ಮಾಡುವುದು ನನ್ನ ಕೆಲಸ. ಕಾಯಂ ಇಡಬೇಕಾದದ್ದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಬೇಕು. ಬೇಡವಾದದ್ದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಸುಡಬಹುದು ಎಂದು ಸಹಿ ಹಾಕಬೇಕು.

ನನ್ನನ್ನೇ ಕಳಿಸಿದ್ದಕ್ಕೆ ಒಂದೇ ಕಾರಣ. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಮರಾಠಿಯ ಮೋಡಿ ಲಿಪಿಯಲ್ಲಿದ್ದವು. ಮೋಡಿಯಲ್ಲಿ ಒಂದು ಅಕ್ಷರದ ಬಾಲ ಇನ್ನೊಂದರ ತಲೆಗೆ ಸೇರಿರುತ್ತದೆ, ಶಬ್ದಗಳ ನಡುವೆ ಜಾಗವೇ ಇರುವುದಿಲ್ಲ. ನನ್ನ ಅಪ್ಪ ಹಳ್ಳಿಯ ಕುಲಕರ್ಣಿಯಾಗಿದ್ದರು, ಊರಿನ ಜಮೀನಿನ ದಾಖಲೆ ಬರೆಯುವ ವಂಶಪಾರಂಪರ್ಯದ ಕೆಲಸ. ಕಣ್ಣು ಮಂಜಾದ ಮೇಲೆ ತಮ್ಮ ಕಾಗದಗಳನ್ನು ಓದಿ ಹೇಳಲಿ ಎಂದು ನನಗೆ ಮೋಡಿ ಕಲಿಸಿದ್ದರು. ವಂಶದ ಆ ಹಕ್ಕು, ವತನ, ಹೋಯಿತು, ಅಪ್ಪ ಹೋದರು, ಆ ಓದು ನನ್ನಲ್ಲಿ ಉಳಿಯಿತು.

ಮೂರು ತಾಲ್ಲೂಕುಗಳಲ್ಲಿ ಕೆಲಸ ಕೆಲಸದ ಹಾಗೆ ಮುಗಿಯಿತು. ಆಲಮೇಲದ ಬಸ್ಸಿನಲ್ಲಿ ಪುಸ್ತಕದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತದ್ದು, ತಾಳಿಕೋಟೆಯಲ್ಲಿ ಬಸ್ಸು ತಪ್ಪಿ ಮಧ್ಯಾಹ್ನವಿಡೀ ಬಿಸಿಲಿನಲ್ಲಿ ನಿಂತದ್ದು ಬಿಟ್ಟರೆ ಹೇಳುವಂಥದ್ದೇನಿಲ್ಲ. ನಾನು ಹೇಳಹೊರಟದ್ದು ಕುರ್ಚಿ ಕೊಡದ ಆ ನಾಲ್ಕನೆಯ ಕಚೇರಿಯದು. ಅದು ಈ ನಾಲ್ಕರಲ್ಲಿ ಯಾವುದೆಂದು ಹೇಳುವುದಿಲ್ಲ. ಅಲ್ಲಿನವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ.

ಸೀಮೆಎಣ್ಣೆ ಡಬ್ಬಿಗಳು ಬಂದಿದ್ದ ಕಟ್ಟಿಗೆ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಕುಳಿತೆ. ಮೊದಲ ವಾರ ಬರೀ ಧೂಳು. ಒಂದೊಂದು ಗಂಟು ಬಿಚ್ಚಿ, ಮೆತ್ತಗಿನ ಕುಂಚದಿಂದ ಪುಸ್ತಕದ ಬೆನ್ನಿನ ಕಡೆಯಿಂದ ಹೊರಗೆ ಗುಡಿಸಬೇಕು. ಒಳಗೆ ಗುಡಿಸಿದರೆ ಗೆದ್ದಲಿನ ಮಣ್ಣು ಹೊಲಿಗೆಯಲ್ಲಿ ಕೂರುತ್ತದೆ. ಮೈದಾ ಗಂಜಿಗೆ ಚೂರು ಮೈಲುತುತ್ತ ಹಾಕಿ ಕುದಿಸಿದ ಅಂಟಿನಿಂದ ಹರಿದ ಅಂಚುಗಳಿಗೆ ತೆಳು ಕಾಗದ ಹಚ್ಚಬೇಕು. ಆಮೇಲೆ ಪುಟ ಎಣಿಸಬೇಕು, ಎರಡು ಸಲ, ಮೊದಲು ಮುಂದಿನಿಂದ, ನಂತರ ಹಿಂದಿನಿಂದ. ಗುಮಾಸ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕುಡಿಯುವ ನೀರು ಕೇಳಿದರೆ ಸಿಪಾಯಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಬಾಡಿಗೆ ಖೋಲಿಯಿಂದ ಹೂಜಿ ತಂದೆ.

“ಬಾಯಾರ, ಇವೆಲ್ಲ ಸುಡೂ ಸಾಮಾನು,” ಎಂದ ಗುಮಾಸ್ತ ಒಂದು ದಿನ. “ಯಾದಿ ನಾನs ತಯಾರ ಮಾಡಿಟ್ಟೇನಿ. ನೀವು ಸಹಿ ಒಂದು ಮಾಡಿದ್ರ ಆತು. ಸುಮ್ನ ಯಾಕ ಧೂಳು ತಿಂತೀರಿ?”

“ನೋಡದs ಸಹಿ ಮಾಡೋದಿಲ್ರಿ ನಾನು.”

“ಹಂಗಾರ ತಿನ್ರಿ.”

ಎರಡನೆಯ ವಾರದಲ್ಲಿ ಆ ಪುಸ್ತಕ ಸಿಕ್ಕಿತು. ಚರ್ಮದ ಬೆನ್ನು, ನೀಲಿ ರಟ್ಟು. ಗುಮಾಸ್ತನ ಬಿಳಿ ಗಂಟಿನಲ್ಲಿ, ಹರಿದ ಹಾಜರಿ ಪಟ್ಟಿಗಳ ನಡುವೆ ಇತ್ತು. ಮೊದಲ ಪುಟದಲ್ಲಿ ಬೋರ್ಡಿನ ಆಗಿನ ಅಧ್ಯಕ್ಷನ ಇಂಗ್ಲಿಷ್ ಬರಹ. ಆತ ಸ್ಕಾಟ್ಲೆಂಡಿನಿಂದ ಬಂದ ಅಧಿಕಾರಿ. ತನ್ನ ಹಳ್ಳಿಯ ಪ್ಯಾರಿಶ್ ಸಭೆಗೆ, ಅಂದರೆ ಊರಾಡಳಿತದ ಸಭೆಗೆ, ತಂದೆ ಕಾರ್ಯದರ್ಶಿಯಾಗಿದ್ದನೆಂದೂ, ಅಲ್ಲಿ ನಡಾವಳಿ ಬರೆಯುವ ಪದ್ಧತಿಯಲ್ಲೇ ಇಲ್ಲಿಯೂ ಬರೆಯತಕ್ಕದ್ದೆಂದೂ ಆತ ಬರೆದಿದ್ದ. ಬಿಡಿ ಕಾಗದದಲ್ಲಿ ಬರೆದು ಆಮೇಲೆ ಇಳಿಸಬಾರದು. ಬಂದವರ ಹೆಸರು, ಬಾರದವರ ಹೆಸರು ಎರಡನ್ನೂ ಬರೆಯಬೇಕು. ಸಭೆಗೆ ಅಹವಾಲು ತಂದವರು ಹೇಳಿದ್ದನ್ನೂ ಬರೆಯಬೇಕು. ಪ್ರತಿ ಪುಟಕ್ಕೆ ಮೊದಲೇ ಅಂಕಿ ಹಾಕಿರಬೇಕು. ಕೊನೆಗೆ, ಈ ಪುಸ್ತಕದಲ್ಲಿ ನೂರಾ ನಲವತ್ತೆಂಟು ಪುಟಗಳಿವೆ ಎಂಬ ದೃಢೀಕರಣ, ಕೆಳಗೆ ಸಹಿ.

ಆ ಮನುಷ್ಯನ ಮೇಲೆ ನನಗೇನೂ ಪ್ರೀತಿ ಹುಟ್ಟಲಿಲ್ಲ. ಅದೇ ಪುಸ್ತಕದಲ್ಲಿ ಅವನು ಹಾದಿ ಕೆಲಸಕ್ಕೆ ಬರದವರಿಗೆ ವಿಧಿಸಿದ ಶಿಕ್ಷೆಗಳೂ ಇವೆ. ಆದರೆ ಪುಟ ಎಣಿಸುವ ಚಾಳಿ ನನಗೂ ಇತ್ತು. ಮುಂದಿನಿಂದ ಎಣಿಸಿದೆ, ನೂರಾ ನಲವತ್ತಾರು. ಹಿಂದಿನಿಂದ ಎಣಿಸಿದೆ, ನೂರಾ ನಲವತ್ತಾರು. ಅಂಕಿಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ತೊಂಬತ್ತೊಂದನೆಯ ಪುಟದ ಹಾಳೆ ತಿರುವಿದರೆ ತೊಂಬತ್ನಾಲ್ಕು ಬಂತು.

ಹಾಳೆ ಕಿತ್ತಿದ್ದರೆ ಹೊಲಿಗೆಯಲ್ಲಿ ಚೂರು ಉಳಿಯಬೇಕು. ಉಳಿದಿರಲಿಲ್ಲ. ಆ ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದೆ. ಉಳಿದವುಗಳಿಗಿಂತ ದಪ್ಪ. ಕಿಟಕಿಗೆ ಹಿಡಿದೆ. ಒಳಗೆ ಬರವಣಿಗೆಯ ನೆರಳು ಕಂಡಿತು. ಎರಡು ಹಾಳೆಗಳನ್ನು ನಾಲ್ಕೂ ಅಂಚಿಗೆ ಜಾಲಿ ಅಂಟು ಸವರಿ ಒಂದು ಮಾಡಿದ್ದರು. ತೊಂಬತ್ತೆರಡು, ತೊಂಬತ್ಮೂರು ಒಳಗೆ ಸಿಕ್ಕಿಕೊಂಡಿದ್ದವು.

ತೊಂಬತ್ತೊಂದನೆಯ ಪುಟದ ಕೊನೆಯಲ್ಲಿ ಒಂದು ಸೂಚನೆ ಇತ್ತು. ಒಂದು ಹಳ್ಳಿಯ ಹೆಸರು ಹೇಳಿ, ಅಲ್ಲಿನ ಗಾಯರಾಣ ಅಂದರೆ ಊರ ದನಕುರಿ ಮೇಯುವ ಬಯಲು, ಅದರೊಳಗಿನ ಕೆರೆ ಸಮೇತ, ಊರ ಗೌಡರ ಮನೆತನಕ್ಕೆ ಸಾಗುವಳಿಗೆ ಕೊಡತಕ್ಕದ್ದು ಎಂದು ಒಬ್ಬ ಸದಸ್ಯ ಸೂಚಿಸಿದ್ದ. ಸಭೆ ಅದಕ್ಕೆ ಏನೆಂದಿತು ಎಂಬುದು ಮುಂದಿನ ಪುಟಕ್ಕೆ ಹೋಗಿತ್ತು.

ಮಾರನೆಯ ದಿನವೇ ಆ ಊರಿನ ಈಗಿನ ಗೌಡರು ಖೋಲಿಗೆ ಬಂದರು. ಅರವತ್ತರ ಆಸುಪಾಸು, ಮಡಿ ಮಾಡಿದ ಧೋತರ, ಕರಿ ಟೊಪ್ಪಿಗೆ. ನಾನು ಯಾವ ಪುಸ್ತಕದ ಮುಂದೆ ಕುಳಿತಿದ್ದೇನೆ ಎಂಬುದು ಅವರಿಗೆ ಹೇಗೆ ತಿಳಿಯಿತೆಂದು ಕೇಳುವ ಅಗತ್ಯ ಇರಲಿಲ್ಲ. ಗುಮಾಸ್ತ ಅವರ ಹಿಂದೆಯೇ ನಿಂತಿದ್ದ. ಗೌಡರಿಗೆ ಕುರ್ಚಿ ಬಂತು.

“ಬಾಯಾರ, ನಮ್ಮೂರ ಕೆರಿದು ಪ್ರಾಂತ ಸಾಹೇಬ್ರ ಮುಂದ ಕೇಸ ನಡದೈತಿ,” ಎಂದರು. ಪ್ರಾಂತ ಸಾಹೇಬರೆಂದರೆ ನಾಲ್ಕಾರು ತಾಲ್ಲೂಕುಗಳ ಮೇಲಿನ ಕಂದಾಯ ಅಧಿಕಾರಿ. “ಕುರುಬರು ಗಾಯರಾಣ ತಮ್ದು ಅಂತಾರ. ನಮ್ಮ ಹಂತ್ಯಾಕ ಬೋರ್ಡಿನ ಠರಾವಿನ ನಕಲು ಐತಿ, ಸರಕಾರಿ ಶಿಕ್ಕಾ ಇದ್ದದ್ದು. ನಮ್ಮಪ್ಪ, ನಾನು ಆ ಕೆರಿ ಹೂಳು ತೆಗಿಸಿ ತೆಗಿಸಿ ಸುಸ್ತಾಗೀವಿ. ಮತ್ಯಾಕ ಹಳೇ ಪುಸ್ತಕ ಕೆದರತೀರಿ?”

ನಕಲು ತೋರಿಸಿದರು. ಅದರಲ್ಲಿ ಇದ್ದದ್ದು ತೊಂಬತ್ತೊಂದನೆಯ ಪುಟದ ಮಾತಷ್ಟೇ. ಸೂಚನೆ ಎಂಬ ಶಬ್ದ ಬಿಟ್ಟು ಠರಾವು, ಅಂದರೆ ಸಭೆಯ ನಿರ್ಣಯ, ಎಂದು ಬರೆದಿದ್ದರು.

“ಗೌಡ್ರ, ಇದು ಅರ್ಧ ನಕಲು ಅದ. ಮುಂದಿನ ಎರಡು ಪುಟ ಅಂಟಿಸ್ಯಾರ.”

ಅವರು ನಕಲನ್ನು ಮಡಿಸಿ ಕಿಸೆಗಿಟ್ಟುಕೊಂಡರು. ಅವರಿಗೆ ಅದು ಗೊತ್ತಿತ್ತೋ, ಅಪ್ಪ ಕೊಟ್ಟ ಕಾಗದವನ್ನು ನಂಬಿಕೊಂಡಿದ್ದರೋ, ನನಗೆ ಈಗಲೂ ಗೊತ್ತಿಲ್ಲ. ಎದ್ದು ನಿಂತು, “ಹೆಣ್ಣಮಗಳು, ಒಬ್ಬಾಕಿ ಓಡಾಡತೀರಿ. ವಿಚಾರ ಮಾಡ್ರಿ,” ಎಂದು ಹೊರಟರು. ಸಂಜೆ ನಾನು ಬಾಡಿಗೆಗಿದ್ದ ಖೋಲಿಯ ಮಾಲಕಿ ನನ್ನ ಟ್ರಂಕನ್ನು ಕಟ್ಟೆಯ ಮೇಲೆ ತಂದಿಟ್ಟು, “ನಮಗೂ ಊರಾಗ ಬಾಳ್ವಿ ಮಾಡೂದೈತಿರಿ,” ಎಂದಳು. ಮರುದಿನದಿಂದ ವಿಜಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋದೆ.

ಆ ವಾರದ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಖೋಲಿಯಲ್ಲಿ ನಾನು, ಆ ಪುಸ್ತಕ, ಹೂಜಿ. ಜಾಲಿ ಅಂಟಿಗೆ ತೇವ ಸಾಕು. ಒದ್ದೆ ಹೀರುಕಾಗದವನ್ನು ಎರಡೂ ಬದಿಗಿಟ್ಟು ಭಾರ ಹೇರಿದರೆ ಮೂರು ತಾಸಿಗೆ ಅಂಚು ಬಿಡುತ್ತದೆ. ಹೀರುಕಾಗದವನ್ನು ನೀರಿಗೆ ಅದ್ದಿಯೂ ಆಗಿತ್ತು. ಒಳಗೆ ಏನಿದೆ ಎಂದು ತಿಳಿಯುವ ಆಸೆ ಅಷ್ಟಿತ್ತು. ಆದರೆ ನಾನೊಬ್ಬಳೇ ಬಿಡಿಸಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಕುಲಕರ್ಣಿಯ ಮಗಳು ಬಾಗಿಲು ಹಾಕಿಕೊಂಡು ಬರೆದು ಸೇರಿಸಿದಳು ಎಂದು ಗೌಡರ ವಕೀಲ ಒಂದು ಮಾತು ಅಂದರೆ ಮುಗಿಯಿತು. ಆ ಪುಟ ಯಾವ ಪಕ್ಷಕ್ಕೆ ಅನುಕೂಲವಾಗಿದ್ದರೂ ಅದನ್ನು ಕೊಂದವಳು ನಾನಾಗುತ್ತಿದ್ದೆ.

ಹೀರುಕಾಗದವನ್ನು ಹಿಂಡಿ ಕಿಟಕಿಯ ಮೇಲೆ ಒಣಹಾಕಿದೆ.

ಕಾಗದ ತೆಗೆದುಕೊಂಡು ಒಂದು ಟಿಪ್ಪಣಿ ಬರೆದೆ. ಪುಸ್ತಕದ ಉದ್ದ, ಅಗಲ, ದೃಢೀಕರಿಸಿದ ಪುಟಗಳು, ಎಣಿಕೆಗೆ ಸಿಕ್ಕ ಪುಟಗಳು, ಅಂಟಿದ ಹಾಳೆಗಳ ಅಂಕಿ, ಅಂಟಿನ ಬಣ್ಣ, ಪುಸ್ತಕ ಯಾವ ಗಂಟಿನಲ್ಲಿ ಸಿಕ್ಕಿತು ಎಂಬುದು. ಕೊನೆಗೆ, ಪಂಚರ ಸಮಕ್ಷಮ ಬಿಡಿಸಲು ಅಪ್ಪಣೆಯಾಗಬೇಕು ಎಂಬ ವಿನಂತಿ. ಮೂರು ಪ್ರತಿ ಮಾಡಿ ಒಂದನ್ನು ನನ್ನ ಮೇಲಧಿಕಾರಿಗೆ, ಒಂದನ್ನು ಪ್ರಾಂತ ಸಾಹೇಬರಿಗೆ ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಆಮೇಲೆ ಮೂರನೆಯದನ್ನು ತಹಶೀಲ್ದಾರರ ಮೇಜಿನ ಮೇಲಿಟ್ಟೆ.

ಅವರು ಓದಿ, ಗುಮಾಸ್ತನ ಸುಡುವ ಯಾದಿಯನ್ನು ನನ್ನ ಕಡೆ ಸರಿಸಿದರು. “ಈ ಪುಸ್ತಕ ಯಾದಿಯೊಳಗ ಐತಿ. ಸಹಿ ಮಾಡಿ ಮುಗಿಸ್ರಿ. ಯಾಕ ಊರಾಗ ಬೆಂಕಿ ಹಚ್ಚತೀರಿ?”

“ಬೆಂಕಿ ಹಚ್ಚೋ ಯಾದಿ ನನ್ನದಲ್ರಿ ಸಾಹೇಬ್ರ,” ಎಂದೆ. “ಟಿಪ್ಪಣಿ ಅಂಚೆಗೆ ಹೋಗ್ಯದ.”

ಅವರು ಬೀಗದ ಕೈ ವಾಪಸು ತೆಗೆದುಕೊಂಡರು. ನಾನು ಹೊರಗೆ ಬಂದು ಗುಮಾಸ್ತನ ಮುಂದೆ ಸ್ವೀಕೃತಿ ಕಾಗದ ಇಟ್ಟೆ. ಅದರಲ್ಲಿ, ಮೇಲೆ ವರ್ಣಿಸಿದ ಪುಸ್ತಕವನ್ನು ಅಂಟಿದ ಹಾಳೆಗಳ ಸಮೇತ ಇಂದು ನಾನು ಸ್ವಾಧೀನಕ್ಕೆ ತೆಗೆದುಕೊಂಡಿದ್ದೇನೆ ಎಂದಿತ್ತು. ಕೆಳಗೆ ಅವನ ಹೆಸರು.

“ನನ್ನ ಹೆಸರು ಯಾಕ ಹಾಕೀರಿ?” ಅವನ ದನಿ ಏರಿತು.

“ಖೋಲಿ ನಿಮ್ಮದು. ಪುಸ್ತಕ ನಿಮ್ಮ ಕೈಯಾಗ ಕೊಡ್ಲಿಕ್ಕತ್ತೀನಿ. ನಾಳೆ ಇಲ್ಲ ಅಂದ್ರ ಪ್ರಾಂತ ಸಾಹೇಬ್ರು ಯಾರನ್ನ ಕೇಳಬೇಕು?”

“ನಿಮ್ಮಪ್ಪಗ ನಿಮ್ಮನ್ನ ಸಾಲಿಗೆ ಕಳಿಸೂ ಬುದ್ಧಿ ಯಾಂವ ಕೊಟ್ಟನೋ,” ಎಂದು ಬೈಯುತ್ತಲೇ ಸಹಿ ಮಾಡಿದ. ಆ ದಿನದಿಂದ ಪುಸ್ತಕಕ್ಕೆ ಅವನಂಥ ಕಾವಲುಗಾರ ಬೇರೆ ಇರಲಿಲ್ಲ. ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡ. ನನ್ನನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದ.

ವಿಚಾರಣೆಯ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ಕುರುಬರ ಹಿರಿಯ ಕಚೇರಿಯ ಬೇವಿನ ಗಿಡದ ಕೆಳಗೆ ನನಗಾಗಿ ಕಾಯುತ್ತಿದ್ದ. ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಹೆಗಲಿಗೆ ಕರಿ ಕಂಬಳಿ. ಅವನಾದರೂ ಎರಡು ಒಳ್ಳೆಯ ಮಾತಾಡಿಯಾನು ಎಂದುಕೊಂಡು ಹೋದೆ.

“ಕುಲಕರ್ಣಿ ಮಗಳು ನೀವs ಏನು?”

“ಹೌದ್ರಿ.”

“ಆ ಪುಸ್ತಕ ತೆರೀಬ್ಯಾಡ್ರಿ.”

ನನಗೆ ಅರ್ಥವಾಗಲಿಲ್ಲ. “ಯಜಮಾನ್ರ, ಗೌಡ್ರೂ ಅದನ್ನs ಹೇಳ್ತಾರ.”

“ಅಂವ ಯಾಕ ಹೇಳ್ತಾನೋ ನನಗ ಬ್ಯಾಡ. ನಾ ಹೇಳೂದು ಕೇಳ್ರಿ. ನಮ್ಮ ಹಿರ್ಯಾರ ಕಾಲದಿಂದ ಯಾ ಕಾಗದ ಹೊರಗ ಬಂದ್ರೂ ನಮ್ದು ಏನರ ಹೋಗೇತಿ. ಒಂದು ಕಾಗದ ಬಂತು, ಹಳ್ಳದ ದಂಡಿ ಹೊಲ ಹೋತು. ಇನ್ನೊಂದು ಬಂತು, ಹಟ್ಟಿ ಜಾಗಾ ಹೋತು. ಬರದವ್ರು ಯಾರು? ನಿಮ್ಮಪ್ಪಗೋಳು. ಓದಿದವ್ರು ಯಾರು? ಅವ್ರs. ಈಗ ನೀವು ಬಂದೀರಿ.”

“ಇದರಾಗ ನಿಮ್ಮ ಪರ ಇರಬಹುದಲ್ರಿ?”

“ಒಳಗ ಏನೈತಿ, ನೋಡೀರೇನು?”

“ಇಲ್ಲ.”

“ನೋಡದs ಬಿಚ್ಚತೀರಿ? ಒಳಗ ಕೊಟ್ಟೈತಿ ಅಂತ ಇತ್ತಂದ್ರ? ಈಗ ಅರ್ಧ ನಕಲು ಅಂತರ ಜಗಳಾಡ್ತೀವಿ. ಆಗ ಪೂರಾ ಆತು.” ಅವನು ಊರಿನ ದಿಕ್ಕಿಗೆ ಕೈ ಮಾಡಿದ. “ಮುನ್ನೂರು ಕುರಿ ಅದಾವ ನಮ್ಮ ಹಟ್ಯಾಗ. ಬ್ಯಾಸಗಿ ಮೂರು ತಿಂಗಳು ಅದೊಂದs ನೀರು.”

ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅಪ್ಪನ ಬರವಣಿಗೆ ಎಂಥದ್ದಿತ್ತೆಂದು ನನಗೆ ಗೊತ್ತು. ಓದಿ ಹೇಳಿದವಳು ನಾನೇ. ಕೆಲವು ಕಾಗದಗಳನ್ನು ಓದುವಾಗ ಅಪ್ಪ, “ಅದನ್ನ ಬಿಡು, ಮುಂದಿಂದು ಓದು,” ಎನ್ನುತ್ತಿದ್ದರು. ನಾನು ಬಿಟ್ಟು ಮುಂದೆ ಹೋಗುತ್ತಿದ್ದೆ.

“ತಪ್ಪು ಇರಬಹುದು ಯಜಮಾನ್ರ. ಆದ್ರ ಇನ್ನು ಮುಚ್ಚಲಿಕ್ಕೆ ಬರೋದಿಲ್ಲ,” ಎಂದೆ.

ಆತ ನೆಲಕ್ಕೆ ಉಗುಳಿ ಹೋದ.

ವಿಚಾರಣೆ ಕಚೇರಿಯ ದೊಡ್ಡ ಪಡಸಾಲೆಯಲ್ಲಿ ನಡೆಯಿತು. ಪ್ರಾಂತ ಸಾಹೇಬರು ನನಗಿಂತ ಚಿಕ್ಕವರು, ಮೈಸೂರು ಕಡೆಯವರು, ಮುಖದಲ್ಲಿ ನಗೆಯೇ ಇಲ್ಲ. ಎರಡೂ ಪಕ್ಷದವರು ಬಿಡಿಸಬಾರದೆಂದು ಹೇಳಿದರು. ಅವರು ಇಬ್ಬರನ್ನೂ ನೋಡಿ, “ಇಬ್ಬರಿಗೂ ಬೇಡವಾದ ಪುಟ ಅಂದರೆ ನಾನು ನೋಡಲೇಬೇಕು,” ಎಂದರು. ನನ್ನ ಕಡೆ ತಿರುಗಿ, “ಹಾಳೆಗೆ ಏನಾದರೂ ಆದರೆ ಹೊಣೆ ನಿಮ್ಮದು. ಗೊತ್ತಲ್ಲ?” ಎಂದರು.

ಪಂಚರಾಗಿ ಪೇಟೆಯ ಇಬ್ಬರನ್ನು ಕೂರಿಸಿದರು. ನಾನು ಮೊದಲು ಅಂಟಿದ ಹಾಳೆಯ ಮೂಲೆಗೆ ಒಂದು ಹನಿ ನೀರು ಹಚ್ಚಿ ಶಾಯಿ ಕದಡುವುದಿಲ್ಲ ಎಂಬುದನ್ನು ಎಲ್ಲರಿಗೂ ತೋರಿಸಿದೆ. ಹೀರುಕಾಗದ ಅದ್ದಿ, ಹಿಂಡಿ, ಎರಡೂ ಬದಿಗಿಟ್ಟು ಮೇಲೆ ಗಾಜಿನ ಹಲಗೆ ಹೇರಿದೆ. ಹತ್ತು ಗಂಟೆಗೆ ಇಟ್ಟದ್ದು. ಅರ್ಧ ತಾಸಿಗೊಮ್ಮೆ ಹೀರುಕಾಗದ ಬದಲಿಸಿದೆ. ಒಬ್ಬರೂ ಎದ್ದು ಹೋಗಲಿಲ್ಲ. ಹಿರಿಯ ಗೋಡೆಗೆ ಒರಗಿ ನಿಂತೇ ಇದ್ದ. ಗೌಡರು ಕೈಕೋಲಿನ ಮೇಲೆ ಗದ್ದ ಊರಿದ್ದರು.

ಒಂದು ಗಂಟೆಯ ಸುಮಾರಿಗೆ ಮೇಲಿನ ಅಂಚು ಬಿಟ್ಟಿತು. ಬಿದಿರಿನ ತೆಳು ಚಕ್ಕೆಯನ್ನು ಒಳಗೆ ತೂರಿಸಿ ಅಂಗುಲ ಅಂಗುಲವಾಗಿ ಸರಿಸಿದೆ. ಹೊರ ಅಂಚು ಬಿಟ್ಟಿತು. ಒಳಗಿನ ಬರಹ ಮೆಲ್ಲಗೆ ಕಾಣಹತ್ತಿತು, ನಿನ್ನೆ ಬರೆದಷ್ಟು ಕಪ್ಪಗೆ. ಕೆಳಗಿನ ಎಡ ಮೂಲೆಯಲ್ಲಿ ಅಂಟು ದಪ್ಪಗಿತ್ತು. ಅಲ್ಲಿ ಇನ್ನೂ ಅರ್ಧ ತಾಸು ಕಾಯಬೇಕಿತ್ತು. ಕಾಯಲಿಲ್ಲ. ಎಲ್ಲರ ಕಣ್ಣು ನನ್ನ ಕೈ ಮೇಲಿತ್ತು, ಸೆಕೆ, ಬೆವರು, ಮುಗಿದರೆ ಸಾಕೆನ್ನಿಸಿತು. ಚಕ್ಕೆ ಒತ್ತಿದೆ. ಚರ್ ಎಂದಿತು.

ತೊಂಬತ್ತೆರಡನೆಯ ಪುಟದ ಕೊನೆಯ ಸಾಲಿನ ಮೊದಲಿಗೆ, ಉಗುರಿನಷ್ಟು ಅಗಲ ಮೇಲ್ಪದರ ಸುಲಿದು ಹೋಗಿತ್ತು.

“ಓದಿ,” ಎಂದರು ಪ್ರಾಂತ ಸಾಹೇಬರು.

ಓದಿದೆ. ಮರಾಠಿ ಒಂದು ಸಾಲು, ಕನ್ನಡ ಒಂದು ಸಾಲು. ಆ ಊರಿನ ಕುರುಬನೊಬ್ಬ ಸಭೆಗೆ ಬಂದು ಅಹವಾಲು ಹೇಳಿಕೊಂಡಿದ್ದ. ಅವನ ಹೆಸರು, ಅವನ ಅಪ್ಪನ ಹೆಸರು ಇತ್ತು. ಗೋಡೆಗೆ ಒರಗಿದ್ದ ಹಿರಿಯ ನೆಟ್ಟಗಾದ. ಅದು ಅವನ ಅಜ್ಜನ ಹೆಸರು. ಆಮೇಲೆ ಸದಸ್ಯರ ಚರ್ಚೆ. ಕೊನೆಯಲ್ಲಿ, ಸೂಚನೆಯನ್ನು ಮತಕ್ಕೆ ಹಾಕಲಾಗಿ ಬಹುಮತದಿಂದ, ಎಂದು ಸಾಲು ಮುಗಿದಿತ್ತು. ಮುಂದಿನ ಸಾಲಿನ ಆರಂಭದಲ್ಲಿ ನಾನು ಮಾಡಿದ ಗಾಯ. ಗಾಯದ ಆಚೆಗೆ ಒಂದೇ ಶಬ್ದ.

“ಮಂಜೂರ,” ಎಂದು ಓದಿದೆ.

ಗೌಡರ ವಕೀಲ ಎದ್ದು ನಿಂತ. “ಮುಗೀತಲ್ರಿ ಸಾಹೇಬ್ರ! ಮಂಜೂರ! ಬಾಯಾರ ಬಾಯಿಂದನs ಬಂತು.”

ಹಿಂದಿನಿಂದ ಹಿರಿಯನ ದನಿ ಬಂತು. “ಹೇಳಿದ್ದಿಲ್ಲೇನು ನಾ? ಹೇಳಿದ್ದಿಲ್ಲೇನು?” ಅವನ ಜೊತೆಗೆ ಬಂದವರು ನನ್ನ ಕಡೆ ನುಗ್ಗಿದರು. ಸಿಪಾಯಿಗಳು ಅಡ್ಡ ನಿಂತರು. ಗುಮಾಸ್ತ ಬಾಗಿಲ ಬಳಿ ನಿಂತು ನಗುತ್ತಿದ್ದುದನ್ನು ನೋಡಿದೆ.

ನಾನು ಗಾಯವನ್ನೇ ನೋಡುತ್ತಿದ್ದೆ. ಬರೆದವನು ಪ್ರತಿ ಸಾಲನ್ನೂ ಎಡ ಅಂಚಿನ ಗೆರೆಯಿಂದಲೇ ಶುರು ಮಾಡಿದ್ದ. ಪುಸ್ತಕವಿಡೀ ಎಲ್ಲಿಯೂ ಜಾಗ ಬಿಟ್ಟವನಲ್ಲ. ಈ ಸಾಲು ಮಾತ್ರ ಒಂದು ಅಕ್ಷರದಷ್ಟು ಒಳಗಿಂದ ಏಕೆ ಶುರುವಾಗಬೇಕು? ಸುಲಿದ ಪದರ ಎಲ್ಲಿ ಹೋಯಿತು? ಎದುರಿನ ತೊಂಬತ್ಮೂರನೆಯ ಪುಟದ ಅಂಚಿನ ಖಾಲಿ ಜಾಗದಲ್ಲಿ ಈರುಳ್ಳಿ ಸಿಪ್ಪೆಯಂಥ ಒಂದು ಚೂರು ಮುಖ ಕೆಳಗಾಗಿ ಅಂಟಿಕೊಂಡಿತ್ತು.

“ಸಾಹೇಬ್ರ, ಒಂದು ಕನ್ನಡಿ ಬೇಕು,” ಎಂದೆ.

ಕಚೇರಿಯ ಹೊರಗೆ ಗಿಡದ ಕೆಳಗೆ ಕೂರುತ್ತಿದ್ದ ಕ್ಷೌರಿಕನ ಕನ್ನಡಿಯನ್ನು ಸಿಪಾಯಿ ತಂದ. ನಾನು ಇನ್ನು ಆ ಹಾಳೆಯನ್ನು ಮುಟ್ಟಲಿಲ್ಲ. ಪ್ರಾಂತ ಸಾಹೇಬರಿಗೇ ಕುಂಚ ಕೊಟ್ಟು, ಆ ಚೂರಿನ ಬೆನ್ನಿಗೆ ಒಂದು ಹನಿ ನೀರು ಹಚ್ಚಲು ಹೇಳಿದೆ. ತೇವ ಹತ್ತಿದ ಕೂಡಲೇ ಪದರ ಪಾರದರ್ಶಕವಾಗಿ ಕೆಳಗಿನ ಶಾಯಿ ಮೇಲೆದ್ದಿತು, ತಿರುಗುಮುರುಗಾಗಿ. ಅವರು ಕನ್ನಡಿ ಹಿಡಿದರು. ಅವರಿಗೆ ಮೋಡಿ ಬಾರದು. ನಾನು ಬೇರೆ ಕಾಗದದ ಮೇಲೆ ‘ನಾ’ ಎಂಬ ಅಕ್ಷರವನ್ನು ಮೋಡಿಯಲ್ಲಿ ಬರೆದೆ. ಅದೇ ಪುಸ್ತಕದ ಬೇರೆ ಮೂರು ಪುಟಗಳಲ್ಲಿ ಅದೇ ಕೈ ಬರೆದ ‘ನಾ’ ತೋರಿಸಿದೆ. ಅವರು ಕನ್ನಡಿಯೊಳಗೆ ನೋಡಿದರು, ಪುಟ ನೋಡಿದರು, ಮತ್ತೆ ಕನ್ನಡಿ ನೋಡಿದರು. ಪಂಚರನ್ನು ಕರೆದು ನೋಡಿಸಿದರು. ವಕೀಲನನ್ನು ಕರೆದರು. ಅವನು ಬಹಳ ಹೊತ್ತು ನೋಡಿದ.

“ನಾಮಂಜೂರ,” ಎಂದರು ಪ್ರಾಂತ ಸಾಹೇಬರು. “ಬರೆದುಕೊಳ್ಳಿ.”

ಗೌಡರು ಎದ್ದು ಹೊರಗೆ ಹೋದರು. ನನ್ನ ಪಕ್ಕ ಹಾಯುವಾಗ ನಿಂತು, “ನೀವು ಹರದ್ರಿ. ಹರದದ್ದನ್ನ ನೀವs ಓದಿದ್ರಿ,” ಎಂದರು. ನಾನು ಒದ್ದೆ ಹೀರುಕಾಗದಗಳನ್ನು ಹಿಂಡಿ ಒಟ್ಟು ಮಾಡಿದೆ.

ಹದಿನೈದು ದಿನಗಳಲ್ಲಿ ನನಗೆ ಜ್ಞಾಪನಪತ್ರ ಬಂತು. ಕಾಯಂ ದಾಖಲೆಗೆ ಹಾನಿ ಮಾಡಿದ್ದಕ್ಕೆ ವಿವರಣೆ ಕೊಡಬೇಕು ಎಂದು. ತಹಶೀಲ್ದಾರರ ದೂರಿನ ಮೇಲೆ ಬಂದದ್ದು. ಅಂಟು ಪೂರ್ತಿ ನೆನೆಯುವವರೆಗೆ ಕಾಯದೆ ಅವಸರ ಮಾಡಿದೆ, ತಪ್ಪು ನನ್ನದು ಎಂದು ಬರೆದು ಕಳಿಸಿದೆ. ಛೀಮಾರಿ ಹಾಕಿದರು. ಮುಂದೆ ಬರಬೇಕಾಗಿದ್ದ ಬಡ್ತಿ ಇನ್ನೊಬ್ಬರಿಗೆ ಹೋಯಿತು. ಆ ಪ್ರಕರಣದಲ್ಲಿ ನನ್ನ ಮೇಲೆ ಹೇಳಿದ ಮಾತುಗಳಲ್ಲಿ, ದಾಖಲೆಗೆ ಹಾನಿ ಮಾಡಿದೆ ಎಂಬುದೊಂದೇ ನಿಜವಾಗಿತ್ತು.

ಪ್ರಾಂತ ಸಾಹೇಬರ ಆದೇಶ ಮಳೆಗಾಲ ಶುರುವಾದ ಮೇಲೆ ಹೊರಬಿತ್ತು. ಕೆರೆ ಮತ್ತು ಗಾಯರಾಣ ಊರಿನವು, ಯಾರ ಮನೆತನದ್ದೂ ಅಲ್ಲ. ಗೌಡರು ಮೇಲ್ಮನವಿ ಹಾಕಿದರೆಂದು ಕೇಳಿದೆ. ಅದೂ ನಿಲ್ಲಲಿಲ್ಲವಂತೆ. ಆದೇಶ ಓದುವ ದಿನ ಪುಸ್ತಕವನ್ನು ವಾಪಸು ತೆಗೆದುಕೊಳ್ಳಲು ನಾನು ಹೋಗಿದ್ದೆ. ಅದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಗುಮಾಸ್ತನಿಂದ ಸಹಿ ತೆಗೆದುಕೊಂಡು ಹೊರಗೆ ಬಂದೆ. ಬೇವಿನ ಗಿಡದ ಕೆಳಗೆ ಕುರುಬರ ಹಿರಿಯ ಒಬ್ಬನೇ ನಿಂತಿದ್ದ.

ಕೃತಜ್ಞತೆಯ ಮುಖವಲ್ಲ ಅದು. “ನಮ್ಮಜ್ಜ ಹೇಳಿದ್ದು ಅದರಾಗ ಐತಿ ಅಂದ್ರೆಲ್ಲ,” ಎಂದ. “ಅದೊಂದಿಷ್ಟು ಓದ್ರಿ. ಅವತ್ತು ಗದ್ದಲದಾಗ ಕೇಳಲಿಲ್ಲ.”

ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿದೆ. ತೊಂಬತ್ತೆರಡನೆಯ ಪುಟ ತೆಗೆದು ನಿಧಾನವಾಗಿ ಕನ್ನಡದಲ್ಲಿ ಹೇಳಿದೆ. “ಸದರಿ ಅರ್ಜಿದಾರನು ಸಭೆಯ ಮುಂದೆ ನಮ್ರತೆಯಿಂದ ವಿನಂತಿಸಿದ್ದೇನೆಂದರೆ, ಸದರಿ ಕೆರೆಯ ನೀರನ್ನು ತಮ್ಮ ಕುರಿಗಳು ಪೂರ್ವಾಪರದಿಂದ ಕುಡಿಯುತ್ತ ಬಂದಿರುವುದರಿಂದ, ಮಾಯಬಾಪ ಸರಕಾರವು ದಯೆ ತೋರಿ...”

“ನಿಲ್ಲಸ್ರಿ.”

ನಿಲ್ಲಿಸಿದೆ.

“ನಮ್ರತೆ ಅಂದ್ರ ಏನು? ಕೈ ಮುಗದಾ ಅಂತೇನು?”

“ಹಂಗs ಬರದಾರ್ರಿ.”

“ಬರದಾಂವ ಸುಳ್ಳ ಬರದಾನ. ನಮ್ಮಜ್ಜ ಆ ಸಭಾಕ್ಕ ಹೋಗಿ ಬಂದಾಗ ನಮ್ಮಪ್ಪ ಸಣ್ಣಾಂವ, ಹಿಂದs ಇದ್ದ. ಸಾಯೂತನಾ ಹೇಳತಿದ್ದ ನಮಗ. ಕೆಂಪು ಮಾರಿ ಸಾಹೇಬ ಕುಂತಿದ್ನಂತ, ಸುತ್ತೂ ಗೌಡ್ರು ದೇಸಾಯ್ರು. ನಮ್ಮಜ್ಜ ಕಂಬಳಿ ಹೆಗಲಿಂದ ಇಳಸಲಿಲ್ಲಂತ. ನಿಂತಾಂವನs ಅಂದನಂತ.” ಹಿರಿಯ ತಾನೂ ನೆಟ್ಟಗೆ ನಿಂತ. “ಕುರಿಗೆ ಕಾಗದ ಓದಾಕ ಬರೂದಿಲ್ಲ, ನೀರಿನ ವಾಸನಿ ಬರತೈತಿ. ನೀವು ಏನರ ಬರಕೋರಿ, ಅವು ಅಲ್ಲೇ ಹೋಗಿ ಕುಡೀತಾವ.”

ನಾನು ಮತ್ತೆ ಆ ಸಾಲುಗಳ ಕಡೆ ನೋಡಿದೆ. ಮೋಡಿ ಬರೆದವನ ಕೈ ಚೆಂದವಿತ್ತು.

“ಇದನ್ನ ಅದರಾಗ ಹಾಕ್ರಿ,” ಎಂದ ಹಿರಿಯ.

“ಹಾಕಲಿಕ್ಕೆ ಬರೋದಿಲ್ರಿ. ಹಳೇ ದಾಖಲೆಯೊಳಗ ಹೊಸಾದು ಬರೀಬಾರದು.”

“ಗೊತ್ತೈತಿ,” ಎಂದು ಆತ ಕಂಬಳಿ ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಪುಸ್ತಕ ಮುಚ್ಚಿ ಗಂಟು ಕಟ್ಟಿದೆ.